ಸೋತ ವೀರ, ಉಳಿದ ಕರುಣೆ: ಟೋಲ್ಕೀನರ ಮಹಾಕಥನದಲ್ಲಿ ಅಧಿಕಾರದ ಪ್ರಶ್ನೆ

ವೀರಕಥೆಯ ನಾಯಕನು ಸಾಮಾನ್ಯವಾಗಿ ಏನನ್ನಾದರೂ ಪಡೆಯಲೆಂದು ಮನೆಬಿಟ್ಟು ಹೊರಡುತ್ತಾನೆ. ನಿಧಿ, ಖಡ್ಗ, ಕಳೆದುಹೋದ ರಾಜ್ಯ, ಅಪಹೃತಳಾದ ರಾಜಕುಮಾರಿ ಹೀಗೆ ಪಡೆಯಬೇಕಾದುದು ಕಥೆಯಿಂದ ಕಥೆಗೆ ಬೇರೆಯಾದರೂ ಪಯಣದ ದಿಕ್ಕು ಒಂದೇ. ಇಲ್ಲದವನು ಉಳ್ಳವನಾಗಿ ಹಿಂದಿರುಗುತ್ತಾನೆ. ಜೆ. ಆರ್. ಆರ್. ಟೋಲ್ಕೀನರು ೧೯೫೪-೫೫ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯಲ್ಲಿ ಈ ದಿಕ್ಕು ತಿರುವುಮುರುವಾಗಿದೆ. ಅಲ್ಲಿ ಲೋಕದ ಅತ್ಯಂತ ಪ್ರಬಲವಾದ ವಸ್ತು ಕಥೆಯ ಆರಂಭದಲ್ಲಿಯೇ ಹಳ್ಳಿಗನೊಬ್ಬನ ಕೈಗೆ ಬಂದಿರುತ್ತದೆ. ಅದನ್ನು ನಾಶಮಾಡುವುದಕ್ಕಾಗಿ ಅವನು ಹೊರಡುತ್ತಾನೆ. ಎಪಿಕ್ ಫ್ಯಾಂಟಸಿ ಎಂದು ಇಂದು ಕರೆಯಲಾಗುವ ಸಾಹಿತ್ಯಪ್ರಕಾರಕ್ಕೆ ಮಾದರಿಯಾದ ಕೃತಿಯೇ ಆ ಪ್ರಕಾರದ ವೀರಾದರ್ಶವನ್ನು ಒಳಗಿನಿಂದ ಪ್ರಶ್ನಿಸುತ್ತದೆ ಎಂಬುದು ವಿಚಾರಯೋಗ್ಯವಾದ ಸಂಗತಿ.

ಟೋಲ್ಕೀನರು ನಿಷ್ಠಾವಂತ ಕಥೊಲಿಕರಾಗಿದ್ದರು. ತಮ್ಮ ಕೃತಿಯು ಮೂಲತಃ ಧಾರ್ಮಿಕವಾದುದೆಂದು ಅವರು ೧೯೫೩ರಲ್ಲಿ ಯೇಸುಸಭೆಯ ಸ್ನೇಹಿತರೊಬ್ಬರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಆದರೂ ಕೃತಿಯಲ್ಲಿ ದೇವಾಲಯವಾಗಲಿ ಯಾಜಕನಾಗಲಿ ಇಲ್ಲ. ಈ ಕಾರಣದಿಂದ ಕ್ರೈಸ್ತ ವಿಮರ್ಶಕರು ಬಹುಕಾಲದಿಂದ ಅದರಲ್ಲಿ ಕ್ರಿಸ್ತನ ಪ್ರತಿರೂಪಗಳನ್ನು ಹುಡುಕುತ್ತ ಬಂದಿದ್ದಾರೆ. ಸತ್ತು ಮರಳಿ ಬರುವ ಗ್ಯಾಂಡಾಲ್ಫ್, ಹೊರೆ ಹೊರುವ ಫ್ರೋಡೊ, ಸಿಂಹಾಸನಕ್ಕೆ ಹಿಂದಿರುಗುವ ಅರಾಗಾರ್ನ್ ಈ ಮೂವರೂ ಅಂತಹ ಓದಿಗೆ ಒದಗಿಬಂದಿದ್ದಾರೆ. ಅನ್ಯೋಕ್ತಿಯ ಕಥನವೆಂದರೆ ತಮಗೆ ಹಿಡಿಸದೆಂದು ಲೇಖಕರೇ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಸ್ಪಷ್ಟಪಡಿಸಿದ್ದರಿಂದ ಆ ಹಾದಿ ನಮ್ಮನ್ನು ಬಹಳ ದೂರ ಒಯ್ಯಲಾರದು. ಅಧಿಕಾರವನ್ನು ಈ ಕಥೆ ಹೇಗೆ ಅರ್ಥಮಾಡಿಕೊಳ್ಳುತ್ತದೆ ಮತ್ತು ವೀರನಿಗೆ ಅದರ ಮುಂದೆ ಏನಾಗುತ್ತದೆ ಎಂದು ಕೇಳಿದರೆ ನಮಗೆ ಹೆಚ್ಚು ಫಲ ದೊರಕೀತು.

ಒಳ್ಳೆಯವರ ಪ್ರಲೋಭನೆ

ಸೌರಾನ್ ಎಂಬ ದುಷ್ಟಶಕ್ತಿಯು ತನ್ನ ಬಲದ ಬಹುಭಾಗವನ್ನು ಎರಕಹೊಯ್ದು ರೂಪಿಸಿದ ಉಂಗುರವೇ ಈ ಕಥೆಯ ಕೇಂದ್ರ. ಇತರರ ಚಿತ್ತವನ್ನು ತನ್ನ ಚಿತ್ತಕ್ಕೆ ಅಧೀನಪಡಿಸಿಕೊಳ್ಳುವುದೇ ಅದರ ಸ್ವಭಾವ. ದುಷ್ಟರು ಅದನ್ನು ಬಯಸುವುದರಲ್ಲಿ ಆಶ್ಚರ್ಯವಿಲ್ಲ. ಟೋಲ್ಕೀನರ ಒಳನೋಟ ಇರುವುದು ಒಳ್ಳೆಯವರು ಅದನ್ನು ಬಯಸುವ ಬಗೆಯಲ್ಲಿ. ಫ್ರೋಡೊ ಉಂಗುರವನ್ನು ತಾನಾಗಿಯೇ ನೀಡಬಂದಾಗ ಜ್ಞಾನಿಯಾದ ಗ್ಯಾಂಡಾಲ್ಫ್ ಹಿಂದೆ ಸರಿಯುತ್ತಾನೆ. ದುರ್ಬಲರ ಮೇಲಿನ ಮರುಕ, ಅವರಿಗೆ ಒಳಿತುಮಾಡುವ ಬಲ ಬೇಕೆಂಬ ಆಸೆ, ಇವುಗಳ ಮೂಲಕವೇ ಉಂಗುರ ತನ್ನ ಹೃದಯದೊಳಗೆ ದಾರಿ ಮಾಡಿಕೊಳ್ಳುವುದೆಂದು ಅವನು ಬಲ್ಲನು. ಗಲಾಡ್ರಿಯೆಲ್ ರಾಣಿಯೂ ಅದನ್ನು ನಿರಾಕರಿಸಿ, ತನ್ನ ವೈಭವ ಕುಂದುವುದನ್ನು ಒಪ್ಪಿಕೊಳ್ಳುತ್ತಾಳೆ. ಬೊರೊಮಿರ್ ಮಾತ್ರ ಸೋಲುತ್ತಾನೆ. ಅವನ ವಾದ ನೀಚವಾದುದಲ್ಲ. ಅವನ ಪಟ್ಟಣ ಮುತ್ತಿಗೆಯ ಭೀತಿಯಲ್ಲಿದೆ, ಅವನ ಜನ ಸಾಯುತ್ತಿದ್ದಾರೆ. ಶತ್ರುವಿನ ಅಸ್ತ್ರ ತಾನಾಗಿ ಕೈಗೆ ಬಂದಿರುವಾಗ ಅದನ್ನು ಬೆಂಕಿಗೆ ಎಸೆಯುವುದು ಹುಚ್ಚುತನವೆಂದು ಅವನಿಗೆ ತೋರುತ್ತದೆ. ಜವಾಬ್ದಾರಿಯುಳ್ಳ ಯಾವ ಸೇನಾಪತಿಯೂ ಹೀಗೆಯೇ ಯೋಚಿಸಿಯಾನು.

ಈ ಸರಣಿಯಲ್ಲಿ ಅತ್ಯಂತ ಸೂಕ್ಷ್ಮವಾದುದು ತೋಟಗಾರ ಸ್ಯಾಮನ ಪ್ರಲೋಭನೆ. ಶತ್ರುದೇಶದ ಗಡಿಯಲ್ಲಿ ಉಂಗುರ ಅಲ್ಪಕಾಲ ಅವನ ಬಳಿಯಿರುವಾಗ ಅದು ಅವನಿಗೆ ಆ ಮರುಭೂಮಿಯೆಲ್ಲ ಹೂದೋಟವಾಗಿ ಅರಳುವ ದೃಶ್ಯವನ್ನು ತೋರಿಸುತ್ತದೆ. ಉಂಗುರ ಪ್ರತಿಯೊಬ್ಬನನ್ನೂ ಅವನವನ ಸದ್ಗುಣದ ಭಾಷೆಯಲ್ಲಿಯೇ ಮಾತನಾಡಿಸುತ್ತದೆ. ಸ್ವತಂತ್ರನಾದ ತೋಟಗಾರನ ಸ್ವಂತ ಕೈಗೆ ಒಗ್ಗುವಷ್ಟು ಒಂದು ಚಿಕ್ಕ ತೋಟ ಸಾಕೆಂಬ ಸರಳ ವಿವೇಕವೂ ಯಜಮಾನನ ಮೇಲಿನ ಪ್ರೀತಿಯೂ ಸ್ಯಾಮನನ್ನು ಉಳಿಸುತ್ತವೆ.

ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಬಲ್ಲವರಿಗೆ ಈ ಕ್ರಮ ಪರಿಚಿತವೇ. ಅಡವಿಯಲ್ಲಿ ಶೋಧಕನು ಯೇಸುವಿನ ಮುಂದಿಟ್ಟ ವಸ್ತುಗಳು ತಮ್ಮಷ್ಟಕ್ಕೆ ಕೆಟ್ಟವಲ್ಲ. ಹಸಿದವನಿಗೆ ರೊಟ್ಟಿ ಬೇಕು. ಲೋಕದ ರಾಜ್ಯಗಳು ಮೆಸ್ಸೀಯನಿಗೆ ಸಲ್ಲತಕ್ಕವೇ ಆಗಿವೆ. ಅವುಗಳನ್ನು ಪಡೆಯುವ ಮಾರ್ಗದಲ್ಲಿ ಶೋಧನೆ ಅಡಗಿದೆ. ಅಗಸ್ತೀನನು ‘ದೇವರ ನಗರ’ದ ಪೀಠಿಕೆಯಲ್ಲಿ, ಆಳಬಯಸುವ ಲೌಕಿಕ ನಗರವನ್ನು ಆಳುವ ಬಯಕೆಯೇ ಆಳುತ್ತದೆ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಧರಿಸಿದವನನ್ನೇ ತನ್ನ ದಾಸನನ್ನಾಗಿಸುವ ಉಂಗುರ ಅದೇ ತಿಳಿವಳಿಕೆಯ ಕಥಾರೂಪವಾಗಿದೆ. ೧೯೬೩ರ ಪತ್ರದ ಕರಡೊಂದರಲ್ಲಿ ಟೋಲ್ಕೀನರು, ಗ್ಯಾಂಡಾಲ್ಫ್ ಉಂಗುರದ ಒಡೆಯನಾಗಿದ್ದಲ್ಲಿ ಸೌರಾನನಿಗಿಂತ ಭಯಂಕರನಾಗುತ್ತಿದ್ದನೆಂದು ಊಹಿಸುತ್ತಾರೆ. ಅವನು ನೀತಿವಂತನಾಗಿಯೇ ಉಳಿಯುತ್ತಿದ್ದನಾದರೂ ಆ ನೀತಿ ಸ್ವನೀತಿಯಾಗಿರುತ್ತಿತ್ತು. ದುಷ್ಟನ ಆಳ್ವಿಕೆಯಲ್ಲಿ ಒಳಿತು ಕೆಡುಕುಗಳ ಭೇದವಾದರೂ ಕಾಣುತ್ತದೆ. ಸ್ವನೀತಿವಂತನ ಆಳ್ವಿಕೆಯಲ್ಲಿ ಒಳಿತೆಂಬುದೇ ಜನರಿಗೆ ಅಸಹ್ಯವಾಗಿಬಿಡುತ್ತದೆ.

ವೀರಧರ್ಮದ ವಿಮರ್ಶೆ

ಟೋಲ್ಕೀನರು ವೀರಕಾವ್ಯವನ್ನು ತಿರಸ್ಕರಿಸಿದವರಲ್ಲ. ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷ್ ಬೋಧಿಸುತ್ತಿದ್ದ ಅವರು ‘ಬೇವುಲ್ಫ್’ ಕಾವ್ಯದ ಕುರಿತು ೧೯೩೬ರಲ್ಲಿ ನೀಡಿದ ಉಪನ್ಯಾಸ ಆ ಕಾವ್ಯದ ವಿಮರ್ಶೆಯ ದಿಕ್ಕನ್ನೇ ಬದಲಿಸಿತು. ಸೋಲು ಖಚಿತವೆಂದು ತಿಳಿದೂ ನಿಂತು ಹೋರಾಡುವ ಉತ್ತರದೇಶದ ಧೈರ್ಯವನ್ನು ಅವರು ಗಾಢವಾಗಿ ಮೆಚ್ಚಿದ್ದರು. ಆದರೆ ೧೯೧೬ರಲ್ಲಿ ಸೊಮ್ ಕದನದ ಕಂದಕಗಳಲ್ಲಿದ್ದು, ಆಪ್ತ ಗೆಳೆಯರನ್ನು ಯುದ್ಧದಲ್ಲಿ ಕಳೆದುಕೊಂಡ ವ್ಯಕ್ತಿಗೆ ವೀರತ್ವದ ಬೆಲೆ ಪುಸ್ತಕದ ವಿಷಯ ಮಾತ್ರವಾಗಿರಲಿಲ್ಲ.

ಈ ಎರಡು ಅರಿವುಗಳೂ ಕೂಡಿರುವುದು ಅವರು ೧೯೫೩ರಲ್ಲಿ ಪ್ರಕಟಿಸಿದ, ಮಾಲ್ಡನ್ ಕದನವನ್ನು ಕುರಿತ ಬರಹದಲ್ಲಿ. ೯೯೧ರಲ್ಲಿ ಮಾಲ್ಡನ್ನಿನಲ್ಲಿ ವೈಕಿಂಗರು ಕಿರಿದಾದ ಹಾದಿಯೊಂದನ್ನು ದಾಟಲಾರದೆ ಸಿಕ್ಕಿಕೊಂಡಿದ್ದಾಗ, ಸಮಾನ ನೆಲದಲ್ಲಿ ಕಾದಾಡೋಣವೆಂದು ಇಂಗ್ಲಿಷ್ ನಾಯಕ ಬಿಯೋರ್ಟ್‌ನೋತ್ ಅವರಿಗೆ ದಾಟಲು ಅನುಮತಿ ನೀಡಿದನು. ಅವನೂ ಮಡಿದನು, ಅವನಿಗೆ ನಿಷ್ಠರಾದ ಅನುಚರರೂ ಮಡಿದರು. ಮೂಲಕಾವ್ಯವು ಈ ಔದಾರ್ಯಕ್ಕೆ ಬಳಸಿದ ಪದವನ್ನು ಟೋಲ್ಕೀನರು ಅಹಂಕಾರವೆಂದೇ ಅರ್ಥೈಸುತ್ತಾರೆ. ನಾಯಕನು ಕೀರ್ತಿಗಾಗಿ ತನ್ನ ಕರ್ತವ್ಯದ ಮೇರೆಯನ್ನು ಮೀರಿದನು. ಆ ಮೀರುವಿಕೆಗೆ ಬೆಲೆ ತೆತ್ತವರು ಅವನ ಆಜ್ಞೆಗೆ ಒಳಪಟ್ಟವರು. ಅನುಚರರ ನಿಷ್ಠೆ ಇಲ್ಲಿ ಗೌರವಾರ್ಹವಾಗಿಯೇ ಉಳಿಯುತ್ತದೆ, ಕಳಂಕಿತವಾಗುವುದು ಒಡೆಯನ ಗರ್ವ.

‘ಲಾರ್ಡ್ ಆಫ್ ದಿ ರಿಂಗ್ಸ್’ ಈ ವಿವೇಚನೆಯನ್ನೇ ಕಥನವಾಗಿ ಬೆಳೆಸುತ್ತದೆ. ಧೈರ್ಯ, ನಿಷ್ಠೆ, ತಾಳ್ಮೆ ಅಲ್ಲಿ ಹಾಗೆಯೇ ಇವೆ. ಆದರೆ ಅವು ಒಡೆತನದಿಂದ ಬಿಡುಗಡೆ ಹೊಂದಿವೆ. ಸೌಲನ ಯುದ್ಧಕವಚವನ್ನು ತೊಟ್ಟುನೋಡಿ ಕಳಚಿಟ್ಟ ದಾವೀದನನ್ನು (೧ ಸಮುವೇಲ ೧೭) ಇಲ್ಲಿ ನೆನೆಯಬಹುದು. ಸಿಂಹಾಸನಕ್ಕೆ ಹಕ್ಕುದಾರನಾದ ಅರಾಗಾರ್ನನ ವಿಷಯದಲ್ಲಿಯೂ ಜನರು ಅವನನ್ನು ಅರಸನೆಂದು ಗುರುತಿಸುವುದಕ್ಕೆ ಮುಖ್ಯ ಸಾಕ್ಷಿ ಅವನ ಖಡ್ಗಕ್ಕಿಂತ ಗಾಯಾಳುಗಳನ್ನು ಗುಣಪಡಿಸುವ ಅವನ ಕೈಗಳೇ ಆಗಿವೆ. ಪಟ್ಟಾಭಿಷೇಕದ ದಿನ ಕಿರೀಟವನ್ನು ಫ್ರೋಡೊ ತಂದುಕೊಡಬೇಕೆಂದು ಅವನು ಕೇಳುತ್ತಾನೆ, ತಾನಾಗಿ ಧರಿಸಿಕೊಳ್ಳುವುದಿಲ್ಲ.

ಬೆಂಕಿಯ ಅಂಚಿನಲ್ಲಿ

ಇಷ್ಟರಲ್ಲಿಯೇ ಕಥೆ ನಿಂತಿದ್ದರೆ ಅದು ಅಧಿಕಾರತ್ಯಾಗದ ನೀತಿಕಥೆಯಾಗಿರುತ್ತಿತ್ತು. ಬಲಶಾಲಿಯಾದ ವೀರನ ಸ್ಥಾನದಲ್ಲಿ ವಿನಯಶಾಲಿಯಾದ ವೀರನನ್ನು ಕೂರಿಸಿ, ಅವನ ತ್ಯಾಗವನ್ನೇ ಹೊಸ ಬಗೆಯ ಪರಾಕ್ರಮವೆಂದು ಕೊಂಡಾಡಿ ಮುಗಿಯುತ್ತಿತ್ತು. ಟೋಲ್ಕೀನರು ಆ ಸಮಾಧಾನವನ್ನೂ ನಮಗೆ ಬಿಟ್ಟುಕೊಡುವುದಿಲ್ಲ. ಸಾವಿರಾರು ಅಡೆತಡೆಗಳನ್ನು ಸಹಿಸಿ ಬೆಂಕಿಬೆಟ್ಟದ ಬಿರುಕಿನ ಬಳಿಗೆ ಬಂದು ನಿಂತ ಫ್ರೋಡೊ ಕೊನೆಯ ಕ್ಷಣದಲ್ಲಿ ಉಂಗುರವನ್ನು ಎಸೆಯುವುದಿಲ್ಲ. ಅದು ತನ್ನದೆಂದು ಸಾರಿ ಬೆರಳಿಗೆ ತೊಟ್ಟುಕೊಳ್ಳುತ್ತಾನೆ. ಅಧಿಕಾರವನ್ನು ತ್ಯಜಿಸಲೆಂದೇ ಬಂದವನು ಅದಕ್ಕೆ ಶರಣಾಗುತ್ತಾನೆ. ಆಗ ಉಂಗುರದ ವ್ಯಾಮೋಹದಿಂದ ಅವರ ಬೆನ್ನುಬಿದ್ದಿದ್ದ ಗೊಲ್ಲಮ್ ಎಂಬ ದೀನಜೀವಿ ಫ್ರೋಡೊನ ಬೆರಳನ್ನು ಕಚ್ಚಿ ಉಂಗುರವನ್ನು ಕಿತ್ತುಕೊಂಡು, ಹರ್ಷದಿಂದ ಕುಣಿಯುತ್ತ ಕಾಲುಜಾರಿ ಬೆಂಕಿಗೆ ಬೀಳುತ್ತಾನೆ. ಲೋಕದ ಬಿಡುಗಡೆ ಹೀಗೆ ಸಾಧಿತವಾಗುತ್ತದೆ.

ಇದು ಆಕಸ್ಮಿಕವೇ? ಗೊಲ್ಲಮ್ ಆ ಕ್ಷಣದವರೆಗೆ ಬದುಕಿ ಉಳಿದದ್ದೇಕೆ ಎಂದು ಕೇಳಿದರೆ ಉತ್ತರ ಹೊಳೆಯುತ್ತದೆ. ಅನೇಕ ವರ್ಷಗಳ ಹಿಂದೆ ಕತ್ತಲ ಗುಹೆಯಲ್ಲಿ ಅವನನ್ನು ಕೊಲ್ಲಲು ಅವಕಾಶವಿದ್ದರೂ ಬಿಲ್ಬೊ ಮರುಕದಿಂದ ಬಿಟ್ಟುಬಿಟ್ಟನು. ಬಿಲ್ಬೊ ಆಗಲೇ ಕೊಂದಿದ್ದರೆ ಚೆನ್ನಾಗಿತ್ತೆಂದು ಫ್ರೋಡೊ ಹೇಳಿದಾಗ, ಜೀವ ಕೊಡಲಾರದವನು ಮರಣದಂಡನೆ ವಿಧಿಸಲು ಆತುರಪಡಬಾರದೆಂದು ಗ್ಯಾಂಡಾಲ್ಫ್ ಅವನನ್ನು ತಿದ್ದುತ್ತಾನೆ. ಮುಂದೆ ಬೆಟ್ಟದ ತಪ್ಪಲಲ್ಲಿ ಫ್ರೋಡೊ, ಕೊನೆಗೆ ಬೆಂಕಿಬೆಟ್ಟದ ಇಳಿಜಾರಿನಲ್ಲಿ ಸ್ಯಾಮ್ ಅವನ ಪ್ರಾಣ ಉಳಿಸುತ್ತಾರೆ. ಈ ಮೂರು ಕರುಣೆಗಳಲ್ಲಿ ಒಂದು ತಪ್ಪಿದ್ದರೂ ಲೋಕ ಉಳಿಯುತ್ತಿರಲಿಲ್ಲ. ಲಾಭವಿದೆಯೆಂದು ಯಾರೂ ಅವನನ್ನು ಕರುಣಿಸಲಿಲ್ಲ. ಯುದ್ಧನೀತಿಯ ಲೆಕ್ಕದಲ್ಲಿ ಅದು ಪ್ರತಿಸಲವೂ ಮೂರ್ಖತನವೇ ಆಗಿತ್ತು.

ಇದಕ್ಕೆ ಸಂಬಂಧಿಸಿದ ಪಠ್ಯೇತಿಹಾಸವೂ ಬೋಧಪ್ರದವಾಗಿದೆ. ೧೯೩೭ರಲ್ಲಿ ಪ್ರಕಟವಾದ ‘ದಿ ಹಾಬಿಟ್’ ಮೊದಲ ಆವೃತ್ತಿಯಲ್ಲಿ ಗುಹೆಯ ಪ್ರಸಂಗ ಬೇರೆಯಾಗಿತ್ತು. ಗೊಲ್ಲಮ್ ಒಗಟಿನ ಪಂದ್ಯದಲ್ಲಿ ಉಂಗುರವನ್ನೇ ಪಣವಾಗಿ ಒಡ್ಡಿ, ಸೋತ ಮೇಲೆ ಅದನ್ನು ಕೊಡಲಾರದೆ ಕ್ಷಮೆ ಕೇಳಿ ದಾರಿ ತೋರಿಸುತ್ತಿದ್ದನು. ಮಹಾಕಥನ ಬೆಳೆಯುತ್ತಿದ್ದಂತೆ ಲೇಖಕರು ಆ ಅಧ್ಯಾಯವನ್ನು ತಿದ್ದಿ ಬರೆದರು. ೧೯೫೧ರ ಆವೃತ್ತಿಯಲ್ಲಿ ಖಡ್ಗ ಹಿಡಿದು ನಿಂತ ಬಿಲ್ಬೊನ ಮನದಲ್ಲಿ ಮರುಕ ಹುಟ್ಟುವ ಕ್ಷಣ ಸೇರಿಕೊಂಡಿತು. ಅಧಿಕಾರದ ಕಥೆಗೆ ಕರುಣೆಯೇ ಅಡಿಪಾಯವಾಗಬೇಕೆಂದು ಕಂಡುಕೊಂಡ ಲೇಖಕರು ಹಿಂದಿರುಗಿ ಹೋಗಿ ಆ ಕಲ್ಲನ್ನು ಇಟ್ಟುಬಂದರೆನ್ನಬಹುದು.

ಫ್ರೋಡೊನನ್ನು ಸನ್ಮಾನಿಸುವ ಬದಲು ದ್ರೋಹಿಯೆಂದು ಶಿಕ್ಷಿಸಬೇಕಾಗಿತ್ತೆಂದು ಓದುಗರೊಬ್ಬರು ಬರೆದಿದ್ದರು. ೧೯೫೬ರ ಪತ್ರಗಳಲ್ಲಿ ಅದನ್ನು ಪ್ರಸ್ತಾಪಿಸುವ ಟೋಲ್ಕೀನರು, ಆ ಪ್ರಸಂಗವನ್ನು ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮೆಯನ್ನೂ ಶೋಧನೆಯನ್ನೂ ಕುರಿತು ಬರುವ ಬಿನ್ನಹಗಳೊಡನೆ ಜೋಡಿಸುತ್ತಾರೆ. ಮನುಷ್ಯನ ಬಲವನ್ನು ಮೀರಿದ ಶೋಧನೆಗಳಿವೆ. ಅಲ್ಲಿ ಅವನು ಬೀಳುತ್ತಾನೆ. ಅವನು ಹಿಂದೆ ತೋರಿದ ಕರುಣೆಯೇ ಕೃಪೆ ಹರಿಯುವ ಕಾಲುವೆಯಾಗುತ್ತದೆ. ಸಂಕಲ್ಪಬಲದಿಂದ ಪಾಪವನ್ನು ಗೆಲ್ಲಬಹುದೆಂಬ ಪೆಲಾಗಿಯಸನ ಬೋಧೆಗೆ ಇಷ್ಟು ಪರಿಣಾಮಕಾರಿಯಾದ ಕಥಾತ್ಮಕ ಉತ್ತರ ಆಧುನಿಕ ಸಾಹಿತ್ಯದಲ್ಲಿ ವಿರಳ. ಕೃತಿಯ ಅನುಬಂಧದ ಕಾಲಗಣನೆಯಂತೆ ಉಂಗುರ ನಾಶವಾದ ದಿನ ಮಾರ್ಚ್ ೨೫. ಅದು ಮಂಗಳವಾರ್ತೆಯ ಹಬ್ಬದ ದಿನ. ಹಳೆಯ ಸಂಪ್ರದಾಯವೊಂದರಲ್ಲಿ ಕ್ರಿಸ್ತನ ಶಿಲುಬೆಮರಣದ ದಿನವೂ ಹೌದು. ಕೃಪೆಯ ಹೆಸರನ್ನು ಕಥೆಯೊಳಗೆ ಎತ್ತದ ಲೇಖಕರು ಈ ದಿನಾಂಕದಲ್ಲಿ ಅದನ್ನು ಸೂಚಿಸಿದ್ದಾರೆ.

ಆದರ್ಶವನ್ನು ಮುರಿಯುವ ಬೇರೆ ಬಗೆಗಳು

ಟೋಲ್ಕೀನರ ಅನಂತರದ ಲೇಖಕರೂ ವೀರಾದರ್ಶವನ್ನು ತಲೆಕೆಳಗಾಗಿಸಿದ್ದಾರೆ. ಜಾರ್ಜ್ ಆರ್. ಆರ್. ಮಾರ್ಟಿನ್ ೧೯೯೬ರಲ್ಲಿ ಆರಂಭಿಸಿದ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಮಾಲೆಯ ಮೊದಲ ಸಂಪುಟದಲ್ಲಿಯೇ, ಓದುಗನು ನಾಯಕನೆಂದು ನಂಬಿದ್ದ ನೆಡ್ ಸ್ಟಾರ್ಕ್ ತನ್ನ ಪ್ರಾಮಾಣಿಕತೆಯ ಕಾರಣದಿಂದಲೇ ಬಲೆಗೆ ಬಿದ್ದು ಶಿರಚ್ಛೇದಕ್ಕೆ ಗುರಿಯಾಗುತ್ತಾನೆ. ಪಟ್ಟಣವನ್ನೇ ಸುಡಹೊರಟ ಅರಸನನ್ನು ಕೊಂದು ಜನರನ್ನು ಉಳಿಸಿದ ಜೇಮಿ, ಪ್ರತಿಜ್ಞೆ ಮುರಿದವನೆಂದು ಜೀವನವಿಡೀ ನಿಂದೆಗೆ ಒಳಗಾಗುತ್ತಾನೆ. ಒಳ್ಳೆಯ ಮನುಷ್ಯನು ಸಿಂಹಾಸನವೇರಿದರೆ ರಾಜ್ಯ ತಾನಾಗಿ ಸಮೃದ್ಧವಾದೀತೆಂಬ ಭ್ರಮೆಯನ್ನು ಮಾರ್ಟಿನ್ ಒಪ್ಪುವುದಿಲ್ಲ. ಅರಾಗಾರ್ನನ ತೆರಿಗೆನೀತಿ ಏನಾಗಿತ್ತು, ಸೋತುಳಿದ ಓರ್ಕರನ್ನು ಅವನು ಏನು ಮಾಡಿದನು ಎಂದು ೨೦೧೪ರ ಸಂದರ್ಶನವೊಂದರಲ್ಲಿ ಅವರು ಕೇಳಿದ ಪ್ರಶ್ನೆ ನ್ಯಾಯವಾದುದೇ. ಅರಸನು ಏನನ್ನೆಲ್ಲ ಕಿತ್ತುಕೊಳ್ಳುವನೆಂದು ಸಮುವೇಲನು ಇಸ್ರಾಯೇಲ್ಯರ ಮುಂದೆ ಒಂದೊಂದಾಗಿ ಎಣಿಸಿ ಎಚ್ಚರಿಸಿದ್ದನ್ನು (೧ ಸಮುವೇಲ ೮) ಓದಿದವರು ಅದನ್ನು ತಳ್ಳಿಹಾಕಲಾರರು.

ಆದರೂ ಈ ಎರಡು ಬಗೆಯ ತಲೆಕೆಳಗಾಗಿಸುವಿಕೆ ಒಂದೇ ಅಲ್ಲ. ಅಧಿಕಾರದ ಆಟದಲ್ಲಿ ಸದ್ಗುಣ ಸೋಲುತ್ತದೆಂದು ಮಾರ್ಟಿನ್ ತೋರಿಸುತ್ತಾರೆ. ಟೋಲ್ಕೀನರೂ ಅದನ್ನು ಒಪ್ಪುತ್ತಾರೆ. ಮುಂದಿನ ಹೆಜ್ಜೆಯಲ್ಲಿ ಅವರು ಬೇರೆಯಾಗುತ್ತಾರೆ. ಮೊದಲನೆಯವರ ಲೋಕದಲ್ಲಿ ಬ್ರಿಯೆನ್‌ಳಂತಹ ನಿಷ್ಠಾವಂತರು ಇದ್ದರೂ ಅವರ ನಿಷ್ಠೆ ಯಾವ ಭರವಸೆಗೂ ನೆಲೆಯಾಗುವುದಿಲ್ಲ. ಎರಡನೆಯವರ ಲೋಕದಲ್ಲಿ ಸೋತವನ ಹಿಂದಿನ ಕರುಣೆ ಅವನಿಗೆ ತಿಳಿಯದಂತೆ ಫಲಿಸುತ್ತದೆ.

ಮೂರನೆಯ ದಾರಿಯೊಂದು ಅರ್ಸುಲಾ ಲಗ್ವಿನ್ ಅವರದು. ಅವರು ಕ್ರೈಸ್ತರಲ್ಲ, ತಾವೋ ಚಿಂತನೆಗೆ ಹತ್ತಿರವಾದವರು. ೧೯೭೨ರ ‘ದಿ ಫಾರ್ದೆಸ್ಟ್ ಶೋರ್’ ಕಾದಂಬರಿಯಲ್ಲಿ ಮಹಾಮಾಂತ್ರಿಕ ಗೆಡ್ ಲೋಕದ ಬಿರುಕನ್ನು ಮುಚ್ಚಲು ತನ್ನ ಶಕ್ತಿಯನ್ನೆಲ್ಲ ವ್ಯಯಿಸಿ ಬರಿದಾಗುತ್ತಾನೆ. ೧೯೯೦ರ ‘ತೆಹಾನು’ವಿನಲ್ಲಿ ಲೇಖಕಿ ಅದೇ ಲೋಕಕ್ಕೆ ಮರಳಿ ಬಂದು, ಶಕ್ತಿ ಕಳೆದುಕೊಂಡ ವೀರನು ಮಾರನೆಯ ದಿನ ಏನು ಮಾಡುತ್ತಾನೆಂದು ಕೇಳುತ್ತಾರೆ. ಅವನು ಆಡು ಕಾಯುತ್ತಾನೆ; ವಿಧವೆಯೊಬ್ಬಳ ಮನೆಯಲ್ಲಿ, ಬೆಂಕಿಯಲ್ಲಿ ಸುಟ್ಟುಹೋದ ಮಗುವಿನೊಡನೆ ಬದುಕಲು ಕಲಿಯುತ್ತಾನೆ. ವೀರಕಥೆಯ ನೋವನ್ನು ಅಡುಗೆಮನೆಯಿಂದಲೂ ಗಾಯಗೊಂಡ ಮಗುವಿನ ಕಣ್ಣಿನಿಂದಲೂ ನೋಡುವ ಈ ಕೃತಿ, ಟೋಲ್ಕೀನರ ಕಥನದಲ್ಲಿ ಬಹುಮಟ್ಟಿಗೆ ಮೌನವಾಗಿರುವವರಿಗೆ ಬಾಯಿ ಕೊಡುತ್ತದೆ.

ಕರುಣೆಯ ಎಲ್ಲೆ

ಆ ಮೌನವನ್ನು ಕ್ರೈಸ್ತ ವಿಮರ್ಶೆಯೂ ನೇರವಾಗಿ ಎದುರಿಸಬೇಕು. ಹೆಲ್ಮ್ಸ್ ಡೀಪ್ ಕೋಟೆಯ ಯುದ್ಧದ ಅನಂತರ ಶತ್ರುಪಕ್ಷದ ಗುಡ್ಡಗಾಡಿನ ಮನುಷ್ಯರಿಗೆ ಕ್ಷಮೆ ದೊರೆಯುತ್ತದೆ. ಪ್ರತಿಜ್ಞೆ ಮಾಡಿ ಅವರು ಮನೆಗೆ ಹಿಂದಿರುಗುತ್ತಾರೆ. ಅದೇ ಯುದ್ಧದಲ್ಲಿ ಓಡಿಹೋದ ಓರ್ಕರು ಕಾಡಿನ ನೆರಳಿನೊಳಗೆ ಹೊಕ್ಕು ಮತ್ತೆ ಹೊರಬರುವುದಿಲ್ಲ. ಅವರಿಗಾಗಿ ಯಾರೂ ಮರುಗುವುದಿಲ್ಲ. ಸೃಷ್ಟಿಯಲ್ಲಿ ಮೂಲತಃ ದುಷ್ಟವಾದ ಯಾವುದೂ ಇಲ್ಲವೆಂದು ನಂಬಿದ ಟೋಲ್ಕೀನರನ್ನು ಓರ್ಕರ ಮೂಲದ ಪ್ರಶ್ನೆ ಕೊನೆಯವರೆಗೂ ಕಾಡಿತು. ಕೃತಿಯಲ್ಲಿ ಪೂರ್ವ ಮತ್ತು ದಕ್ಷಿಣದ ಕಂದುಬಣ್ಣದ ಜನರು ಶತ್ರುವಿನ ಸೈನ್ಯವಾಗಿಯೇ ಬರುತ್ತಾರೆಂಬುದನ್ನು ಭಾರತೀಯ ಓದುಗರು ಗಮನಿಸದೆ ಇರಲಾರರು.

ಆದರೆ ಈ ಲೋಪವನ್ನು ಅಳೆಯುವ ಕೋಲು ಕೃತಿಯಲ್ಲಿಯೇ ಇದೆ. ದಕ್ಷಿಣದ ಸೈನಿಕನೊಬ್ಬನು ತನ್ನೆದುರು ಸತ್ತುಬಿದ್ದಾಗ ಸ್ಯಾಮ್, ಅವನ ಹೆಸರೇನು, ಅವನು ನಿಜವಾಗಿ ದುಷ್ಟನೇ, ಯಾವ ಸುಳ್ಳು ಅಥವಾ ಬೆದರಿಕೆ ಅವನನ್ನು ಊರಿನಿಂದ ಇಷ್ಟು ದೂರ ಕರೆತಂದಿತು ಎಂದು ಯೋಚಿಸುತ್ತಾನೆ. ಈ ಪ್ರಶ್ನೆ ಒಮ್ಮೆ ಎದ್ದ ಮೇಲೆ ಅದಕ್ಕೆ ಗಡಿ ಹಾಕಲಾಗದು. ಗೊಲ್ಲಮನಿಗೆ ಸಂದ ಕರುಣೆ ಓರ್ಕನ ಬಾಗಿಲಲ್ಲಿ ನಿಂತುಹೋದರೆ, ಕೃತಿಯು ತನ್ನ ಆಳವಾದ ತಿಳಿವಿಗೆ ತಾನೇ ಪೂರ್ಣವಾಗಿ ನಿಷ್ಠವಾಗಲಿಲ್ಲವೆಂದು ಹೇಳಬೇಕಾಗುತ್ತದೆ.

ಸಭೆಯ ಕೈಯಲ್ಲಿರುವ ಉಂಗುರ

ಈ ಓದಿನಿಂದ ದೇವಶಾಸ್ತ್ರದ ವಿದ್ಯಾರ್ಥಿಗಳಿಗೂ ಸಭಾಪಾಲಕರಿಗೂ ಏನು ಪ್ರಯೋಜನ? ನಮ್ಮ ಸಭೆಗಳಲ್ಲಿ ಶಾಲೆಗಳಿವೆ, ಆಸ್ಪತ್ರೆಗಳಿವೆ, ಆಸ್ತಿಗಳಿವೆ, ಚುನಾಯಿತ ಸಮಿತಿಗಳಿವೆ. ಅವುಗಳ ಸುತ್ತ ನಡೆಯುವ ಅಧಿಕಾರದ ಪೈಪೋಟಿಯಲ್ಲಿ ತಾನು ಕೆಡುಕಿಗಾಗಿ ಸ್ಪರ್ಧಿಸುತ್ತಿದ್ದೇನೆಂದು ಯಾರೂ ಭಾವಿಸುವುದಿಲ್ಲ. ಪ್ರತಿಯೊಬ್ಬರಿಗೂ ರಕ್ಷಿಸಬೇಕಾದ ಪಟ್ಟಣವೊಂದಿದೆ, ಅರಳಿಸಬೇಕಾದ ತೋಟವೊಂದಿದೆ. ಬೊರೊಮಿರನ ವಾದ ನಮ್ಮ ಸಭೆಗಳಲ್ಲಿ ಪ್ರಾರ್ಥನೆಯ ಭಾಷೆಯಲ್ಲಿಯೇ ಕೇಳಿಬರುತ್ತದೆ. ಅನ್ಯಜನಗಳ ಅಧಿಪತಿಗಳು ದೊರೆತನ ಮಾಡುವಂತೆ ನಿಮ್ಮಲ್ಲಿ ಆಗಬಾರದೆಂಬ ಅರ್ಥದ ಕ್ರಿಸ್ತನ ಆಜ್ಞೆ (ಮಾರ್ಕ ೧೦:೪೨-೪೫) ದುಷ್ಟ ಜನರಿಗೆ ಹೇಳಿದ್ದಲ್ಲ, ಅವನ ಬಲಗಡೆಯಲ್ಲಿಯೂ ಎಡಗಡೆಯಲ್ಲಿಯೂ ಕುಳಿತು ಸೇವೆಮಾಡಬಯಸಿದ ಶಿಷ್ಯರಿಗೆ ಹೇಳಿದ್ದು.

ಅದೇ ಸಮಯದಲ್ಲಿ, ವಿನಯವೂ ಒಂದು ಸಾಧನೆಯಾಗಿ ಗರ್ವಕ್ಕೆ ಎಡೆಮಾಡಬಹುದೆಂದು ಫ್ರೋಡೊನ ಸೋಲು ಎಚ್ಚರಿಸುತ್ತದೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಪೌಲನು ವರ್ಣಿಸುವಂತೆ ತನ್ನನ್ನು ಪೂರ್ಣವಾಗಿ ಬರಿದುಮಾಡಿಕೊಂಡವನು ಕ್ರಿಸ್ತನೊಬ್ಬನೇ. ಆ ಹಾದಿಯಲ್ಲಿ ಹೊರಟ ನಾವು ಕೊನೆಯ ಹೆಜ್ಜೆಯಲ್ಲಿ ಎಡವಬಹುದು. ಆಗ ನಮ್ಮನ್ನು ಎತ್ತುವುದು ನಮ್ಮ ತ್ಯಾಗದ ಲೆಕ್ಕವಲ್ಲ. ಕಥೆಯ ಕೊನೆಯಲ್ಲಿ ಫ್ರೋಡೊ ತನ್ನ ಊರಿಗೆ ಹಿಂದಿರುಗಿದಾಗ ಅಲ್ಲಿಯೂ ದಬ್ಬಾಳಿಕೆ ನೆಲೆಗೊಂಡಿರುತ್ತದೆ. ಊರವರು ಎದ್ದುನಿಂತು ಹೋರಾಡುತ್ತಾರೆ, ಆದರೆ ಫ್ರೋಡೊ ಕತ್ತಿ ಹಿರಿಯುವುದಿಲ್ಲ. ಶರಣಾದವರನ್ನು ಕೊಲ್ಲದಂತೆ ಅವನು ತಡೆಯುತ್ತಾನೆ. ತನ್ನನ್ನು ಇರಿಯಬಂದ ಸಾರುಮಾನನನ್ನೂ ಬಿಟ್ಟುಬಿಡಲು ಹೇಳುತ್ತಾನೆ. ಬೆಂಕಿಯ ಅಂಚಿನಲ್ಲಿ ತಾನು ಬಿದ್ದದ್ದು ಅವನಿಗೆ ನೆನಪಿದೆ. ತನ್ನ ಊರಿನಲ್ಲಿ ಅವನಿಗೆ ದೊರೆತ ಗೌರವ ಅತ್ಯಲ್ಪ. ಅವನ ಗಾಯಗಳು ವರ್ಷವರ್ಷವೂ ಅದೇ ತಿಥಿಗೆ ಮರುಕಳಿಸುತ್ತವೆ. ಸಭೆಯಲ್ಲಿ ಅಧಿಕಾರದ ಸ್ಥಾನಕ್ಕೆ ಕರೆಯಲ್ಪಡುವವರು ಗೆದ್ದ ಅರಾಗಾರ್ನನಿಗಿಂತ ಹೆಚ್ಚಾಗಿ, ಕ್ಷಮಿಸಲ್ಪಟ್ಟವನಾಗಿ ಮರಳಿ ಬಂದ ಈ ಫ್ರೋಡೊನನ್ನು ಧ್ಯಾನಿಸುವುದು ಒಳ್ಳೆಯದು.